ಸಾವಯವ ರಸಾಯನಶಾಸ್ತ್ರ ಬಿಟ್ಟು ನೀಟ್ ಬರೆಯಬಹುದೇ?

ಎಪ್ರಿಲ್ ಬಂತೆಂದರೆ ನಮ್ಮ ಮಹಲ್ಲಾಗಳ ಪಿಯುಸಿ ವಿಜ್ಞಾನದ ಮಕ್ಕಳು ಕೇಳುವ ಪ್ರಶ್ನೆ ಒಂದೇ. "ಆರ್ಗಾನಿಕ್ ಕೆಮಿಸ್ಟ್ರಿ ಹಾಗೆಯೇ ಬಾಕಿ ಉಂಟು. ಈಗ ಮುಗಿಸಬೇಕಾ, ಬಿಟ್ಟುಬಿಡಬೇಕಾ?" ಕೆಲವರು ಅದನ್ನು ಉಪನ್ಯಾಸಕರಲ್ಲಿ ಕೇಳುತ್ತಾರೆ, ಕೆಲವರು ಕೋಚಿಂಗ್ ಸೆಂಟರಿನಲ್ಲಿ. ಎಲ್ಲಿಯೂ ಕೇಳಲು ಧೈರ್ಯ ಸಾಲದವರು ಚಿಕ್ಕಂದಿನಲ್ಲಿ ಅಕ್ಷರ ಕಲಿಸಿದ ಉಸ್ತಾದರಲ್ಲಿ ಬಂದು ಕೇಳುತ್ತಾರೆ. ನಮ್ಮದು ಮದ್ರಸದ ಕೆಲಸ, ರಸಾಯನಶಾಸ್ತ್ರ ನಮ್ಮ ವಿಷಯವಲ್ಲ. ಆದರೆ ಕೇಳಿದ ಮಗುವಿಗೆ "ಗೊತ್ತಿಲ್ಲ" ಎಂದು ಹೇಳಿ ಕಳುಹಿಸಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಪಾಠ ಮಾಡುವವರನ್ನೂ, ಪಾಸಾಗಿ ಎಂಬಿಬಿಎಸ್‌ಗೆ ಹೋದ ನಮ್ಮದೇ ಮಕ್ಕಳನ್ನೂ ಕೂರಿಸಿ ವಿಚಾರಿಸಿದ್ದೇವೆ. ಎರಡು ವರ್ಷದ ಪಠ್ಯಪುಸ್ತಕಗಳನ್ನು ಮುಂದಿಟ್ಟುಕೊಂಡು ನೋಡಿದ್ದೇವೆ. ಅದರಿಂದ ನಮಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ. ಇಡೀ ಸಾವಯವ ರಸಾಯನಶಾಸ್ತ್ರವನ್ನು ಬಿಟ್ಟು ನೀಟ್‌ಗೆ ಕೂರುವುದು ತಪ್ಪು ಲೆಕ್ಕ. ಕೊನೆಯ ತಿಂಗಳಲ್ಲಿ ಇಡೀ ಸಾವಯವವನ್ನು ಮುಗಿಸಿಯೇ ತೀರುತ್ತೇನೆ ಎಂಬ ಹಟವೂ ತಪ್ಪು ಲೆಕ್ಕ. ಯಾವ ಪಾಠ ಬುಡ, ಯಾವುದು ಕೊಂಬೆ ಎಂದು ಗುರುತಿಸಿ, ಉಳಿದ ದಿನಗಳಿಗೆ ತಕ್ಕಂತೆ ಬುಡವನ್ನು ಗಟ್ಟಿ ಮಾಡಿಕೊಳ್ಳುವುದೇ ಸರಿಯಾದ ದಾರಿ.

ಅಂಕದ ಲೆಕ್ಕ

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, 180 ನಿಮಿಷ. ಜೀವಶಾಸ್ತ್ರಕ್ಕೆ 90 ಪ್ರಶ್ನೆ, ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45. ಸರಿ ಉತ್ತರಕ್ಕೆ 4 ಅಂಕ ಸಿಗುತ್ತದೆ, ತಪ್ಪಾದರೆ 1 ಅಂಕ ಹೋಗುತ್ತದೆ. ರಸಾಯನಶಾಸ್ತ್ರದ 45ರಲ್ಲಿ ಸಾವಯವದ ಪಾಲು ಸರಿಸುಮಾರು ಮೂರನೇ ಒಂದು ಭಾಗ. ಒಂದು ವರ್ಷ ಸ್ವಲ್ಪ ಹೆಚ್ಚು, ಒಂದು ವರ್ಷ ಸ್ವಲ್ಪ ಕಡಿಮೆ. 15 ಪ್ರಶ್ನೆ ಅಂತ ಇಟ್ಟುಕೊಂಡರೆ 60 ಅಂಕ.

"720ರಲ್ಲಿ 60 ಹೋದರೆ ಏನಾಯಿತು, 660 ಉಳಿಯಿತಲ್ಲ" ಅನ್ನುವವರಿದ್ದಾರೆ. ಉಳಿದ 660ರಲ್ಲಿ ಒಂದೂ ತಪ್ಪಾಗದವರಿಗೆ ಮಾತ್ರ ಆ ಮಾತು ಸರಿ. ಅಂಥವರು ಸಾವಯವ ಬಿಟ್ಟವರಲ್ಲಿ ಇರುವುದಿಲ್ಲ. ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆಯುತ್ತಾರೆ. ಎಂಬಿಬಿಎಸ್ ಸೀಟು ಇರುವುದು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲೂ ಸಾಮಾನ್ಯ ಮನೆಯ ಮಗು ಫೀಸು ಕಟ್ಟಿ ಓದಬಹುದಾದ ಸರಕಾರಿ ಸೀಟು ಸುಮಾರು ಅರ್ಧ. ಇಷ್ಟು ಜನರ ನಡುವೆ ಒಂದೊಂದು ಪ್ರಶ್ನೆಗೂ ರ‍್ಯಾಂಕ್ ಸಾವಿರ ಸಾವಿರ ಜಾರುತ್ತದೆ. 60 ಅಂಕ ಅಂದರೆ ಸರಕಾರಿ ಸೀಟಿಗೂ ಖಾಸಗಿ ಸೀಟಿಗೂ ಇರುವ ಅಂತರ. ಕೆಲವೊಮ್ಮೆ ಸೀಟಿಗೂ ಸೀಟಿಲ್ಲದ್ದಕ್ಕೂ ಇರುವ ಅಂತರ.

ಇನ್ನೊಂದು ವಿಷಯವನ್ನು ನಮ್ಮ ಮಕ್ಕಳು ಗಮನಿಸಬೇಕು. ಇಬ್ಬರಿಗೆ ಸಮ ಅಂಕ ಬಂದರೆ ಮೊದಲು ಜೀವಶಾಸ್ತ್ರದ ಅಂಕ ನೋಡುತ್ತಾರೆ. ಅದೂ ಸಮವಾದರೆ ರಸಾಯನಶಾಸ್ತ್ರ. ಭೌತಶಾಸ್ತ್ರ ಅದರ ನಂತರ. ಲಕ್ಷಗಟ್ಟಲೆ ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ಒಂದೇ ಅಂಕಕ್ಕೆ ನೂರಾರು ಮಂದಿ ನಿಂತಿರುತ್ತಾರೆ. ಅಲ್ಲಿ ಈ ಕ್ರಮ ಕೆಲಸಕ್ಕೆ ಬರುತ್ತದೆ.

"ನಮ್ಮ ಅಣ್ಣ ಅರ್ಧ ಬಿಟ್ಟೇ ಪಾಸಾದ, ಚಾಯ್ಸ್ ಇತ್ತಲ್ಲ" ಎಂಬ ಮಾತು ಕೂಡ ಈಗ ನಡೆಯುವುದಿಲ್ಲ. 2021ರಿಂದ 2024ರ ತನಕ ಪ್ರತಿ ವಿಷಯದಲ್ಲಿ ಎರಡನೇ ವಿಭಾಗ ಅಂತ 15 ಪ್ರಶ್ನೆ ಕೊಟ್ಟು 10ಕ್ಕೆ ಉತ್ತರಿಸಿ ಅನ್ನುತ್ತಿದ್ದರು. ಗೊತ್ತಿಲ್ಲದ್ದನ್ನು ಬಿಡಲು ಸ್ವಲ್ಪ ಜಾಗ ಇತ್ತು. 2025ರಲ್ಲಿ ಆ ಆಯ್ಕೆ ತೆಗೆದರು, ಸಮಯವನ್ನೂ 200 ನಿಮಿಷದಿಂದ 180ಕ್ಕೆ ಇಳಿಸಿದರು. ಈಗ ಪ್ರಶ್ನೆಗೊಂದು ನಿಮಿಷ. ಅಣ್ಣನ ಕಾಲದ ಬುದ್ಧಿವಾದ ತಮ್ಮನ ಪರೀಕ್ಷೆಗೆ ಹೊಂದುವುದಿಲ್ಲ.

ಅಂದಾಜಿನಲ್ಲಿ ಗುರುತು ಹಾಕಿದರೆ ಏನಾಗುತ್ತದೆ ಎಂಬುದನ್ನೂ ನೋಡಿ. 15 ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರಿಸಿ 3 ಸರಿಯಾಗಿ 12 ತಪ್ಪಾದರೆ, 12 ಅಂಕ ಗಳಿಸಿ 12 ಅಂಕ ಕಳೆದುಕೊಳ್ಳುವಿರಿ. ಕೈಗೆ ಸೊನ್ನೆ. ಅದೇ 15ರಲ್ಲಿ ಓದಿ ತಿಳಿದ 9ಕ್ಕೆ ಮಾತ್ರ ಸರಿ ಉತ್ತರ ಬರೆದು ಉಳಿದದ್ದನ್ನು ಖಾಲಿ ಬಿಟ್ಟರೆ 36 ಅಂಕ. ಪೂರ್ತಿ ಮುಗಿಸದೆಯೂ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ. ಆದ್ದರಿಂದ "ಎಲ್ಲಾ ಅಥವಾ ಏನೂ ಇಲ್ಲ" ಎಂಬ ಲೆಕ್ಕವನ್ನು ಮೊದಲು ತಲೆಯಿಂದ ತೆಗೆಯಬೇಕು.

ಬಾಕಿ ಉಳಿಯುವುದು ಇದೇ ಯಾಕೆ?

ಮಕ್ಕಳನ್ನು ಬೈಯುವ ಮೊದಲು ಇದನ್ನು ತಿಳಿಯಬೇಕು. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಪ್ರಥಮ ಪಿಯುಸಿಗೆ ಒಂಬತ್ತು ಅಧ್ಯಾಯ. ಸಾವಯವದ ಮೂಲ ತತ್ವಗಳು ಎಂಟನೆಯದು, ಹೈಡ್ರೋಕಾರ್ಬನ್‌ಗಳು ಒಂಬತ್ತನೆಯದು. ದ್ವಿತೀಯ ಪಿಯುಸಿಯಲ್ಲಿ ಹತ್ತು ಅಧ್ಯಾಯ. ಆರರಿಂದ ಹತ್ತರವರೆಗೆ, ಅಂದರೆ ಸರಿಯಾಗಿ ಅರ್ಧ ಪುಸ್ತಕ, ಸಾವಯವ. ಎರಡೂ ವರ್ಷ ಇದು ಕೊನೆಗೆ ಬರುತ್ತದೆ.

ವರ್ಷದ ಕೊನೆಯಲ್ಲಿ ಕಾಲೇಜಿನಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಸ್ಪೋರ್ಟ್ಸ್ ಡೇ, ಕಾಲೇಜ್ ಡೇ, ಪ್ರಾಕ್ಟಿಕಲ್, ಪೂರ್ವಸಿದ್ಧತಾ ಪರೀಕ್ಷೆ. ಉಪನ್ಯಾಸಕರು ಓಡಿಸುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಪ್ರಥಮ ಪಿಯುಸಿಯಲ್ಲಿ "ಬೋರ್ಡ್ ಪರೀಕ್ಷೆ ಅಲ್ಲವಲ್ಲ" ಎಂಬ ಉದಾಸೀನವೂ ಸೇರುತ್ತದೆ. ಹೀಗೆ ಎಂಟನೇ ಅಧ್ಯಾಯ ಅರ್ಧಂಬರ್ಧ ಆಗುತ್ತದೆ. ಮರುವರ್ಷ ಅದೇ ಅಧ್ಯಾಯದ ಮೇಲೆ ಐದು ಅಧ್ಯಾಯಗಳನ್ನು ಕಟ್ಟಬೇಕು. ಪಂಚಾಂಗ ಹಾಕದೆ ಗೋಡೆ ಏರಿಸಿದ ಹಾಗೆ. ಆಗ ಮಗುವಿಗೆ ಪ್ರತಿ ಪುಟವೂ ಬಾಯಿಪಾಠ ಮಾಡಬೇಕಾದ ಹೊಸ ಸಂಗತಿಯಾಗಿ ಕಾಣುತ್ತದೆ. "ಇದು ನನ್ನಿಂದಾಗದು" ಅನ್ನುವುದು ಅಲ್ಲಿಂದ ಶುರು.

ನಮ್ಮ ಕರಾವಳಿಯ ಪರಿಸ್ಥಿತಿಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ರಮಝಾನ್ ಮತ್ತು ಪಿಯುಸಿ ಪರೀಕ್ಷೆ ಒಟ್ಟೊಟ್ಟಿಗೆ ಬಂದಿವೆ. ಅದು ಮುಗಿಯಿತು ಅನ್ನುವಾಗ ಎಪ್ರಿಲ್-ಮೇ ಮದುವೆಗಳ ಕಾಲ. ಗಲ್ಫಿನಿಂದ ಸಂಬಂಧಿಕರು ರಜೆಗೆ ಬರುವುದೂ ಆಗಲೇ. ನೀಟ್ ನಡೆಯುವುದು ಮೇ ತಿಂಗಳ ಆರಂಭದಲ್ಲಿ. ಅಂದರೆ ಪಿಯುಸಿ ಪರೀಕ್ಷೆ ಮತ್ತು ನೀಟ್ ನಡುವೆ ಸಿಗುವ ಆರೇಳು ವಾರ, ಬಾಕಿ ತೀರಿಸಲು ಇರುವ ಒಂದೇ ಸಮಯ, ಮದುವೆ ಮನೆಯಲ್ಲಿ ಕಳೆದುಹೋಗುತ್ತದೆ. ಮಗುವಿಗೆ ಹೋಗದೆ ಇರಲಾಗುವುದಿಲ್ಲ, ಹೋದರೆ ಓದಲಾಗುವುದಿಲ್ಲ.

ಬುಡ ಯಾವುದು, ಕೊಂಬೆ ಯಾವುದು

ಪ್ರಥಮ ಪಿಯುಸಿಯ ಎಂಟನೇ ಅಧ್ಯಾಯವೇ ಬುಡ. ಕೋಚಿಂಗ್ ಮಕ್ಕಳು ಇದನ್ನು ಜಿಒಸಿ ಅನ್ನುತ್ತಾರೆ. ಕಾರ್ಬನ್ ಸಂಯುಕ್ತಗಳಿಗೆ ಹೆಸರಿಡುವ ಕ್ರಮ, ಐಸೋಮರ್‌ಗಳು, ಎಲೆಕ್ಟ್ರಾನ್ ಯಾವ ಕಡೆಗೆ ಎಳೆಯಲ್ಪಡುತ್ತದೆ, ಯಾವ ಅಯಾನು ಗಟ್ಟಿ, ಯಾವುದು ಬೇಗ ಮುರಿಯುತ್ತದೆ, ಇವೆಲ್ಲ ಅಲ್ಲಿ ಬರುತ್ತವೆ. ಇಂಡಕ್ಟಿವ್ ಪರಿಣಾಮ, ರೆಸೊನೆನ್ಸ್, ಹೈಪರ್‌ಕಾಂಜುಗೇಶನ್ ಎಂಬ ಮೂರು ಮಾತು ಸರಿಯಾಗಿ ತಿಳಿದರೆ ಮುಂದಿನ ಅಧ್ಯಾಯಗಳ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಅದರಿಂದಲೇ ಸಿಗುತ್ತದೆ.

ಉದಾಹರಣೆಗೆ ನೋಡಿ. ಎಥನಾಲ್‌ಗಿಂತ ಫೀನಾಲ್ ಯಾಕೆ ಹೆಚ್ಚು ಆಮ್ಲೀಯ? ಹೈಡ್ರೋಜನ್ ಬಿಟ್ಟುಕೊಟ್ಟ ಮೇಲೆ ಉಳಿಯುವ ಫೀನಾಕ್ಸೈಡ್ ಅಯಾನಿನ ಋಣಾವೇಶ ರೆಸೊನೆನ್ಸ್‌ನಿಂದ ಉಂಗುರದಲ್ಲಿ ಹಂಚಿಹೋಗುತ್ತದೆ, ಹಾಗಾಗಿ ಅದು ಗಟ್ಟಿ. ಮಿಥೈಲ್ ಅಮೀನ್‌ಗಿಂತ ಅನಿಲೀನ್ ಯಾಕೆ ದುರ್ಬಲ ಪ್ರತ್ಯಾಮ್ಲ? ನೈಟ್ರೋಜನ್ನಿನ ಎಲೆಕ್ಟ್ರಾನ್ ಜೋಡಿ ಅದೇ ರೆಸೊನೆನ್ಸ್‌ನಲ್ಲಿ ಸಿಕ್ಕಿಬಿದ್ದಿದೆ. ಅಸಿಟಿಕ್ ಆಮ್ಲಕ್ಕಿಂತ ಕ್ಲೋರೋಅಸಿಟಿಕ್ ಆಮ್ಲ ಯಾಕೆ ಪ್ರಬಲ? ಕ್ಲೋರಿನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಅದು ಇಂಡಕ್ಟಿವ್ ಪರಿಣಾಮ. ಈ ಮೂರು ಪ್ರಶ್ನೆಗಳೂ ದ್ವಿತೀಯ ಪಿಯುಸಿಯ ಬೇರೆ ಬೇರೆ ಅಧ್ಯಾಯದವು. ಉತ್ತರ ಮಾತ್ರ ಪ್ರಥಮ ಪಿಯುಸಿಯ ಒಂದೇ ಅಧ್ಯಾಯದಲ್ಲಿ ಉಂಟು.

ಮದ್ರಸದಲ್ಲಿ ಕಲಿತ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಅರಬಿಯಲ್ಲಿ ಕಿತಾಬ್, ಕಾತಿಬ್, ಮಕ್ತಬ್ ಎಂಬ ಮೂರು ಶಬ್ದಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡುವವನಿಗೆ ಮೂರು ಹೊರೆ. ಕಾಫ್, ತಾ, ಬಾ ಎಂಬ ಮೂರಕ್ಷರದ ಮೂಲ ಗೊತ್ತಿದ್ದವನಿಗೆ ನಾಲ್ಕನೇ ಶಬ್ದ ಹೊಸದಾಗಿ ಸಿಕ್ಕಿದರೂ ಅರ್ಥ ಊಹಿಸಲು ಬರುತ್ತದೆ. ಸಾವಯವ ರಸಾಯನಶಾಸ್ತ್ರವೂ ಹಾಗೆಯೇ. ಮೀಥ್, ಈಥ್, ಪ್ರೋಪ್, ಬ್ಯೂಟ್ ಅಂದರೆ ಒಂದು, ಎರಡು, ಮೂರು, ನಾಲ್ಕು ಕಾರ್ಬನ್. ಕೊನೆಗೆ 'ಒಲ್' ಬಂದರೆ ಆಲ್ಕೊಹಾಲ್, 'ಆಲ್' ಬಂದರೆ ಆಲ್ಡಿಹೈಡ್, 'ಓನ್' ಬಂದರೆ ಕೀಟೋನ್. ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದ ಮಕ್ಕಳು ಈ ಹೆಸರುಗಳಿಗೇ ಹೆದರುತ್ತಾರೆ. ಎರಡು ದಿನ ಕೂತು ಹೆಸರಿನ ಕ್ರಮ ಕಲಿತರೆ ಅರ್ಧ ಹೆದರಿಕೆ ಹೋಗುತ್ತದೆ.

ಬುಡದ ನಂತರ ಕಡಿಮೆ ಸಮಯದಲ್ಲಿ ಹೆಚ್ಚು ಫಲ ಕೊಡುವ ಪಾಠ ಬಯೋಮಾಲಿಕ್ಯೂಲ್ಸ್. ಗ್ಲುಕೋಸ್, ಅಮೈನೋ ಆಮ್ಲ, ಪೆಪ್ಟೈಡ್ ಬಂಧ, ಡಿಎನ್‌ಎ. ಇದೇ ವಿಷಯ ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿಯೂ ಉಂಟು. ಒಮ್ಮೆ ಓದಿದರೆ ಎರಡು ಕಡೆ ಉಪಯೋಗ. ಆಮೇಲೆ ಪತ್ತೆ ಪರೀಕ್ಷೆಗಳು. ಟೋಲೆನ್ಸ್ ದ್ರಾವಣದಲ್ಲಿ ಬೆಳ್ಳಿಯ ಕನ್ನಡಿ ಮೂಡಿದರೆ ಆಲ್ಡಿಹೈಡ್, ಫೆರಿಕ್ ಕ್ಲೋರೈಡ್ ನೇರಳೆ ಬಣ್ಣ ಕೊಟ್ಟರೆ ಫೀನಾಲ್, ಕಾರ್ಬೈಲಮೀನ್ ಪರೀಕ್ಷೆಯಲ್ಲಿ ಕೆಟ್ಟ ವಾಸನೆ ಬಂದರೆ ಪ್ರಾಥಮಿಕ ಅಮೀನ್. ಲೂಕಾಸ್ ಪರೀಕ್ಷೆಯಲ್ಲಿ ತಕ್ಷಣ ಕದಡಿದರೆ ತೃತೀಯಕ ಆಲ್ಕೊಹಾಲ್. ಇವುಗಳಲ್ಲಿ ಕೆಲವನ್ನು ಮಕ್ಕಳು ಕಾಲೇಜಿನ ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿರುತ್ತಾರೆ. 2024ರ ನೀಟ್ ಪಠ್ಯಕ್ರಮದಲ್ಲಿ ಪ್ರಾಯೋಗಿಕ ರಸಾಯನಶಾಸ್ತ್ರಕ್ಕೆ ಬೇರೆಯೇ ಒಂದು ಘಟಕ ಸೇರಿದೆ. ಅದೇ ಪರಿಷ್ಕರಣೆಯಲ್ಲಿ ಪಾಲಿಮರ್‌ಗಳು, ನಿತ್ಯಜೀವನದಲ್ಲಿ ರಸಾಯನಶಾಸ್ತ್ರ ಎಂಬ ಎರಡು ಸಾವಯವ ಪಾಠಗಳು ಹೋಗಿವೆ. ಅಣ್ಣ ಅಕ್ಕಂದಿರ ಹಳೆಯ ಗೈಡ್ ಇಟ್ಟುಕೊಂಡು ಬೇಡದ ಪಾಠ ಓದುವ ಮಕ್ಕಳು ಇವತ್ತಿಗೂ ಇದ್ದಾರೆ. ಹೊಸ ಪಠ್ಯಕ್ರಮವನ್ನು ಎದುರಿಗಿಟ್ಟುಕೊಂಡೇ ಬಾಕಿಯನ್ನು ಲೆಕ್ಕ ಹಾಕಬೇಕು. ಆಗ ಬಾಕಿ ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ.

ಇನ್ನು ಹೆಸರಿರುವ ಕ್ರಿಯೆಗಳು: ಆಲ್ಡಾಲ್, ಕ್ಯಾನಿಝಾರೊ, ರೀಮರ್-ಟೀಮನ್, ವಿಲಿಯಮ್ಸನ್, ಸ್ಯಾಂಡ್‌ಮೇಯರ್, ಹಾಫ್‌ಮನ್ ಮುಂತಾದವು. ಎನ್‌ಸಿಇಆರ್‌ಟಿಯಲ್ಲಿ ಇರುವಷ್ಟನ್ನು ಎರಡು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ಕೋಚಿಂಗ್ ಮಾಡ್ಯೂಲಿನ ಉದ್ದುದ್ದ ಪರಿವರ್ತನಾ ಸರಣಿಗಳು, ಪುಟಗಟ್ಟಲೆ ಮೆಕಾನಿಸಂಗಳು ಇವೆಯಲ್ಲ, ಅವು ಕೊಂಬೆಯ ತುದಿ. ಸಮಯ ಇದ್ದವರು ಹತ್ತಲಿ, ಇಲ್ಲದವರು ಧೈರ್ಯವಾಗಿ ಬಿಡಲಿ.

ಎಷ್ಟು ದಿನ ಉಳಿದಿದೆ?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ದಿನ ನೋಡಿ ಹೇಳಬೇಕು.

ಆರು ವಾರ ಉಳಿದಿದ್ದರೆ ಮುಗಿಸಬಹುದು, ಮುಗಿಸಬೇಕು. ದಿನಕ್ಕೆ ಎರಡು ಗಂಟೆ ಸಾವಯವಕ್ಕೆ ಮೀಸಲಿಡಿ. ಮೊದಲ ಹತ್ತು ದಿನ ಎಂಟನೇ ಅಧ್ಯಾಯ, ಅದರಲ್ಲಿ ಅವಸರ ಬೇಡ. ಆಮೇಲೆ ಹೈಡ್ರೋಕಾರ್ಬನ್, ಹ್ಯಾಲೋಆಲ್ಕೇನ್, ಆಲ್ಕೊಹಾಲ್-ಫೀನಾಲ್, ಆಲ್ಡಿಹೈಡ್-ಕೀಟೋನ್, ಅಮೀನ್ ಎಂಬ ಕ್ರಮದಲ್ಲಿ ಒಂದೊಂದಕ್ಕೆ ನಾಲ್ಕೈದು ದಿನ. ಬಯೋಮಾಲಿಕ್ಯೂಲ್ಸ್ ಜೀವಶಾಸ್ತ್ರದ ಹೊತ್ತಿನಲ್ಲಿ ಆಗಿಹೋಗಲಿ. ಪ್ರತಿ ಅಧ್ಯಾಯ ಮುಗಿದ ದಿನವೇ ಹಳೆಯ ನೀಟ್ ಪತ್ರಿಕೆಗಳಲ್ಲಿ ಆ ಅಧ್ಯಾಯದಿಂದ ಬಂದ ಪ್ರಶ್ನೆಗಳನ್ನು ಮಾಡಬೇಕು. ಪುಟ ತಿರುಗಿಸಿದ್ದನ್ನು ಮುಗಿಸಿದ್ದು ಅನ್ನಲಾಗದು. ಪ್ರಶ್ನೆಗೆ ಉತ್ತರ ಬಂದರೆ ಮಾತ್ರ ಆ ಅಧ್ಯಾಯ ಮುಗಿಯಿತು.

ಮೂರು ವಾರ ಉಳಿದಿದ್ದರೆ ಬುಡ ಮಾತ್ರ. ಎಂಟನೇ ಅಧ್ಯಾಯ, ಬಯೋಮಾಲಿಕ್ಯೂಲ್ಸ್, ಪತ್ತೆ ಪರೀಕ್ಷೆಗಳು, ಹೆಸರಿರುವ ಕ್ರಿಯೆಗಳ ಹಾಳೆ. ದ್ವಿತೀಯ ಪಿಯುಸಿಯ ಅಧ್ಯಾಯಗಳಲ್ಲಿ ಬೋರ್ಡ್ ಪರೀಕ್ಷೆಗೆ ಓದಿದ್ದು ಹೇಗೂ ಇರುತ್ತದೆ. ಈ ಮಾತನ್ನು ಮಕ್ಕಳು ಮರೆತುಬಿಡುತ್ತಾರೆ. ಮಾರ್ಚ್‌ನಲ್ಲಿ ಇದೇ ಅಧ್ಯಾಯಗಳಿಂದ ಪಿಯುಸಿ ಉತ್ತರ ಪತ್ರಿಕೆಯಲ್ಲಿ ಬರೆದು ಬಂದವರು ಎಪ್ರಿಲ್‌ನಲ್ಲಿ "ಒಂದಕ್ಷರವೂ ಗೊತ್ತಿಲ್ಲ" ಅನ್ನುತ್ತಾರೆ. ಗೊತ್ತಿರುವುದನ್ನು ಒರೆಸಿ ಹೊಳಪು ಮಾಡಿಕೊಂಡರೆ ಸಾಕು.

ಒಂದು ವಾರ ಉಳಿದಿದ್ದರೆ ಹೊಸ ಪಾಠ ತೆರೆಯಲೇ ಬಾರದು. ಗೊತ್ತಿದ್ದದ್ದನ್ನು ತಿರುಗಿ ನೋಡಿ, ಸಮಯ ಇಟ್ಟು ಪೂರ್ತಿ ಪತ್ರಿಕೆ ಬರೆದು, ರಾತ್ರಿ ಸರಿಯಾಗಿ ನಿದ್ದೆ ಮಾಡಬೇಕು. ಕೊನೆಯ ವಾರ ಹೊಸದನ್ನು ತುರುಕಿದರೆ ಅದು ತಲೆಗೆ ಹೋಗುವುದಿಲ್ಲ, ಮೊದಲಿದ್ದದ್ದನ್ನೂ ಕಲಕಿಬಿಡುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಸಾವಯವವನ್ನು ಹಿಂದಕ್ಕೆ ಇಡಿ ಎಂದು ನಾವೂ ಹೇಳುತ್ತೇವೆ. ಜೀವಶಾಸ್ತ್ರವೇ ಅರ್ಧ ಬಾಕಿ ಇದ್ದರೆ ಮೊದಲು ಅದು. 360 ಅಂಕ ಅಲ್ಲಿದೆ, ಎನ್‌ಸಿಇಆರ್‌ಟಿಯನ್ನು ಸಾಲು ಸಾಲಾಗಿ ಓದಿದವರಿಗೆ ಅದು ಒಲಿಯುತ್ತದೆ. ಅಂಥ ಮಗು ಸಾವಯವದಲ್ಲಿ ಬುಡವನ್ನು ಮಾತ್ರ ನೋಡಿಕೊಂಡು ಉಳಿದ ಹೊತ್ತನ್ನು ಜೀವಶಾಸ್ತ್ರಕ್ಕೆ ಕೊಡಬೇಕು. ಆದರೆ ಸಾವಯವ ಬಿಟ್ಟು ಆ ಸಮಯವನ್ನು ಭೌತಶಾಸ್ತ್ರಕ್ಕೆ ಸುರಿಯುವವರು ಇನ್ನೊಮ್ಮೆ ಯೋಚಿಸಲಿ. 2025ರ ಭೌತಶಾಸ್ತ್ರದ ಪ್ರಶ್ನೆಗಳು ಚೆನ್ನಾಗಿ ಓದಿದ ಮಕ್ಕಳನ್ನೂ ಕಂಗೆಡಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಪ್ರಶ್ನೆಗೊಂದು ನಿಮಿಷ ಇರುವಾಗ ಲೆಕ್ಕದ ಪ್ರಶ್ನೆ ಎರಡು ಮೂರು ನಿಮಿಷ ತಿನ್ನುತ್ತದೆ. ಸಾವಯವದ ಪ್ರಶ್ನೆ, ಉತ್ತರ ಗೊತ್ತಿದ್ದರೆ, ಅರ್ಧ ನಿಮಿಷದಲ್ಲಿ ಆಗುತ್ತದೆ. ಅಲ್ಲಿ ಉಳಿಸಿದ ಸಮಯವೇ ಭೌತಶಾಸ್ತ್ರಕ್ಕೆ ಸಿಗುವುದು.

ವೈದ್ಯರಾಗುವವರಿಗೆ ಇದು ಯಾಕೆ ಬೇಕು?

"ಸೀಟು ಸಿಕ್ಕಿದ ಮೇಲೆ ಇದನ್ನು ಯಾರು ಕೇಳುತ್ತಾರೆ?" ಎಂದು ಮಕ್ಕಳು ಕೇಳುವುದುಂಟು. ಎಂಬಿಬಿಎಸ್ ಮೊದಲ ವರ್ಷದ ಬಯೋಕೆಮಿಸ್ಟ್ರಿ ಕೇಳುತ್ತದೆ. ಎರಡನೇ ವರ್ಷದ ಫಾರ್ಮಕಾಲಜಿ ಕೇಳುತ್ತದೆ. ಹ್ಯಾಲೋಆಲ್ಕೇನ್ ಅಧ್ಯಾಯದ ಮೊದಲ ಪುಟ ತೆರೆದರೆ ಕ್ಲೋರೋಕ್ವಿನ್ ಹೆಸರು ಸಿಗುತ್ತದೆ. ಮಲೇರಿಯಾದ ಔಷಧ. ಮಳೆಗಾಲದಲ್ಲಿ ಮಲೇರಿಯಾ ಅಂದರೆ ಏನೆಂದು ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಪುಟದಲ್ಲಿ ವಿಷಮಶೀತ ಜ್ವರಕ್ಕೆ ಕೊಡುವ ಕ್ಲೋರಾಂಫೆನಿಕಾಲ್ ಉಂಟು, ಶಸ್ತ್ರಚಿಕಿತ್ಸೆಗೆ ಪ್ರಜ್ಞೆ ತಪ್ಪಿಸುವ ಹ್ಯಾಲೋಥೇನ್ ಉಂಟು, ಗಂಟಲವಾಳಕ್ಕೆ ಸಂಬಂಧಿಸಿದ ಥೈರಾಕ್ಸಿನ್ ಉಂಟು. ಅಮೀನ್ ಅಧ್ಯಾಯದಲ್ಲಿ ಹಲ್ಲಿನ ವೈದ್ಯರು ಬಳಸುತ್ತಿದ್ದ ನೊವೊಕೇನ್ ಉಂಟು. ಸ್ಯಾಲಿಸಿಲಿಕ್ ಆಮ್ಲದಿಂದ ಆಸ್ಪಿರಿನ್ ಆಗುವುದು ಫೀನಾಲ್ ಪಾಠದಲ್ಲೇ ಬರುತ್ತದೆ.

ಸಕ್ಕರೆ ಕಾಯಿಲೆ ಇಲ್ಲದ ಮನೆ ನಮ್ಮಲ್ಲಿ ಹುಡುಕಿದರೆ ಎಷ್ಟು ಸಿಕ್ಕೀತು? ರಕ್ತದ ಗ್ಲುಕೋಸ್ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಎಚ್‌ಬಿಎ1ಸಿ ಅಂತ ಲ್ಯಾಬಿನವರು ಅಳೆದು ಕೊಡುವುದು ಅದನ್ನೇ. ಅಂಟಿಕೊಳ್ಳುವುದು ಗ್ಲುಕೋಸಿನ ಆಲ್ಡಿಹೈಡ್ ಗುಂಪಿನಿಂದ. ಪಿಯುಸಿಯಲ್ಲಿ "ಆಲ್ಡಿಹೈಡ್ ಮತ್ತು ಅಮೀನ್ ಸೇರಿದರೆ ಏನಾಗುತ್ತದೆ" ಎಂದು ಕಲಿತ ಮಗು ನಾಳೆ ತನ್ನ ಉಮ್ಮನ ರಿಪೋರ್ಟು ನೋಡಿ ಅರ್ಥ ಮಾಡಿಕೊಳ್ಳುತ್ತದೆ. ಬಿಟ್ಟು ಬಂದ ಪಾಠ ಮುಂದೆ ಎಲ್ಲಾದರೂ ಎದುರು ನಿಲ್ಲುತ್ತದೆ.

ಇನ್ನೊಂದು ವರ್ಷದ ಬೆಲೆ

"ಈ ಸಲ ಆಗದಿದ್ದರೆ ಲಾಂಗ್ ಟರ್ಮ್ ಹೋದರಾಯಿತು" ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಲಾಂಗ್ ಟರ್ಮ್ ಓದಿ ವೈದ್ಯರಾದವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಅದನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಅದಕ್ಕೆ ಬೆಲೆ ಉಂಟು. ಹಾಸ್ಟೆಲು, ಕೋಚಿಂಗ್ ಫೀಸು, ಪುಸ್ತಕ ಅಂತ ಸೇರಿಸಿದರೆ ಲಕ್ಷದ ಮಾತು. ಗಲ್ಫಿನಲ್ಲಿ ಡ್ರೈವರಾಗಿಯೋ ಅಂಗಡಿಯಲ್ಲೋ ದುಡಿಯುವ ತಂದೆ ಈ ವರ್ಷ ರಜೆಗೆ ಬರುವುದನ್ನು ಬಿಟ್ಟು ಆ ಹಣ ಕಳುಹಿಸುತ್ತಾರೆ. ಚಿನ್ನ ಅಡವಿಟ್ಟ ಉಮ್ಮಂದಿರಿದ್ದಾರೆ.

ಹೆಣ್ಣು ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಇಂದು ನಮ್ಮ ಸಮುದಾಯದಲ್ಲಿ ಪಿಯುಸಿ ವಿಜ್ಞಾನ ಓದುವ ಹೆಣ್ಣು ಮಕ್ಕಳು ಎಷ್ಟೊಂದು. ಗಂಡು ಮಗನಿಗೆ ಎರಡನೇ ಸಲ, ಮೂರನೇ ಸಲ ಅವಕಾಶ ಕೊಡುವ ಮನೆಯಲ್ಲಿ ಮಗಳಿಗೆ "ಒಂದು ಸಲ ನೋಡು, ಆಗದಿದ್ದರೆ ಬೇರೆ ಯೋಚಿಸುವ" ಅನ್ನುತ್ತಾರೆ. ಆ ಬೇರೆ ಯೋಚನೆ ಏನೆಂದು ಮಗಳಿಗೂ ಗೊತ್ತು. ಹೀಗಿರುವಾಗ ಅವಳ ಪಾಲಿಗೆ 60 ಅಂಕದ ಸಾವಯವ ಅಂದರೆ ಬರೀ ಒಂದು ಪಾಠ ಅಲ್ಲ. ಅವಳಿಗೆ ಸಿಕ್ಕಿದ ಒಂದೇ ವರ್ಷದಲ್ಲಿ "ಅದು ಬಿಟ್ಟುಬಿಡು" ಎಂದು ಸುಲಭವಾಗಿ ಸಲಹೆ ಕೊಡುವವರು ಈ ಲೆಕ್ಕವನ್ನೂ ಮಾಡಬೇಕು. ಮಗನಿಗೆ ಕೊಡುವಷ್ಟೇ ಅವಕಾಶ ಮಗಳಿಗೂ ಕೊಡಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೇವೆ.

ಮನೆಯವರು, ಜಮಾಅತ್‌ನವರು ಮಾಡಬಹುದಾದದ್ದು

ಎಪ್ರಿಲ್‌ನಲ್ಲಿ ಈ ಪ್ರಶ್ನೆ ಹುಟ್ಟುವುದನ್ನೇ ತಪ್ಪಿಸಬಹುದು. ಪ್ರಥಮ ಪಿಯುಸಿ ಮುಗಿದು ದ್ವಿತೀಯ ಶುರುವಾಗುವ ನಡುವಿನ ರಜೆಯಲ್ಲಿ ಎಂಟು ಮತ್ತು ಒಂಬತ್ತನೇ ಅಧ್ಯಾಯಗಳನ್ನು ಮತ್ತೊಮ್ಮೆ ಗಟ್ಟಿ ಮಾಡಿಕೊಂಡ ಮಗುವಿಗೆ ಮರುವರ್ಷ ಈ ಭಾರ ಬರುವುದಿಲ್ಲ. ಇದಕ್ಕೆ ದೊಡ್ಡ ಖರ್ಚು ಇಲ್ಲ. ಬೆಳಗ್ಗಿನ ತರಗತಿ ಮುಗಿದ ಮೇಲೆ ನಮ್ಮ ಎಷ್ಟೋ ಮದ್ರಸ ಕಟ್ಟಡಗಳು ಸಂಜೆಯ ತನಕ ಖಾಲಿ ಬಿದ್ದಿರುತ್ತವೆ. ಫ್ಯಾನು ಉಂಟು, ಬೋರ್ಡು ಉಂಟು, ಬೆಂಚು ಉಂಟು. ಮಹಲ್ಲಾದಲ್ಲಿ ಎಂಬಿಬಿಎಸ್, ಬಿಎಸ್ಸಿ, ಫಾರ್ಮಸಿ ಓದುವ ಒಬ್ಬರಾದರೂ ಇರುತ್ತಾರೆ. ರಜೆಯಲ್ಲಿ ವಾರಕ್ಕೆ ಎರಡು ದಿನ, ಎರಡೆರಡು ಗಂಟೆ ಅವರನ್ನು ಕೂರಿಸಿದರೆ ಒಂದೂವರೆ ತಿಂಗಳಲ್ಲಿ ಆ ಎರಡು ಅಧ್ಯಾಯ ಮುಗಿಯುತ್ತದೆ. ಅದಕ್ಕೆ ಜಮಾಅತ್ ಕಮಿಟಿ ಮನಸ್ಸು ಮಾಡಿದರೆ ಸಾಕು. ಹೆಣ್ಣು ಮಕ್ಕಳಿಗೂ ಅದೇ ಜಾಗದಲ್ಲಿ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ವ್ಯವಸ್ಥೆ ಆಗಬೇಕು.

ಮನೆಯವರಲ್ಲಿ ನಮ್ಮ ವಿನಂತಿ ಚಿಕ್ಕದು. ನೀಟ್ ಬರೆಯುವ ಮಗು ಇರುವ ಮನೆಯವರು ಆ ಆರು ವಾರ ಅವನನ್ನೋ ಅವಳನ್ನೋ ಮದುವೆ, ಮನೆ ಒಕ್ಕಲು ಅಂತ ಕರೆದುಕೊಂಡು ಹೋಗಬೇಡಿ. ಬರಲಿಲ್ಲ ಅಂತ ಬೇಸರ ಮಾಡುವ ಸಂಬಂಧಿಕರಿಗೆ ತಂದೆ ತಾಯಿಯೇ ಉತ್ತರ ಕೊಡಲಿ, ಮಗುವಿನ ಬಾಯಿಂದ ಹೇಳಿಸಬೇಡಿ. "ಎಷ್ಟು ಮುಗಿಯಿತು?" ಎಂದು ದಿನಾ ಕೇಳಬೇಡಿ. ಆ ಪ್ರಶ್ನೆಗೆ ಹೆದರಿಯೇ ಮಕ್ಕಳು ಪುಟ ತಿರುಗಿಸಿ "ಮುಗಿಯಿತು" ಅನ್ನುತ್ತಾರೆ. ಕೇಳುವುದಿದ್ದರೆ "ಇವತ್ತು ಏನು ಅರ್ಥವಾಯಿತು?" ಅಂತ ಕೇಳಿ.

ಮಕ್ಕಳಿಗೂ ಒಂದು ಮಾತು. ಅಕ್ಕಪಕ್ಕದವರು ಏನು ಮುಗಿಸಿದರು, ಗ್ರೂಪಿನಲ್ಲಿ ಯಾರು ಎಷ್ಟು ಅಂಕ ಹಾಕಿದರು ಎಂದು ನೋಡುತ್ತಾ ಕೂತರೆ ನಿಮ್ಮ ಬಾಕಿ ಕರಗುವುದಿಲ್ಲ. ಒಂದು ಹಾಳೆ ತೆಗೆದುಕೊಳ್ಳಿ. ಹೊಸ ಪಠ್ಯಕ್ರಮದಲ್ಲಿರುವ ಸಾವಯವದ ಪಾಠಗಳನ್ನು ಬರೆಯಿರಿ. ಪ್ರಶ್ನೆ ಕೊಟ್ಟರೆ ಉತ್ತರ ಬರುವುದು ಯಾವುದು, ಸ್ವಲ್ಪ ಬರುವುದು ಯಾವುದು, ಏನೂ ಬಾರದ್ದು ಯಾವುದು ಎಂದು ಗುರುತು ಹಾಕಿ. ಎಂಟನೇ ಅಧ್ಯಾಯ ಏನೂ ಬಾರದ ಪಟ್ಟಿಯಲ್ಲಿ ಇದ್ದರೆ ನಾಳೆ ಬೆಳಗ್ಗೆ ಅಲ್ಲಿಂದಲೇ ಶುರು ಮಾಡಿ. ಇದ್ದಷ್ಟು ದಿನದಲ್ಲಿ ಆದಷ್ಟು ಕಲಿಯಿರಿ. ಆಗದ್ದನ್ನು ಬಿಡಬೇಕಾಗಿ ಬಂದರೂ ಯಾವುದನ್ನು, ಯಾಕೆ ಬಿಡುತ್ತಿದ್ದೇವೆ ಎಂದು ತಿಳಿದು ಬಿಡಿ. ಹೆದರಿಕೆಯಿಂದ ಬಿಡಬೇಡಿ.